ಸೈಕಲ್ ಸೀಟು ಹಿತವಾಗಬೇಕಾದರೆ

ಹುಮ್ಮಸ್ಸಿನಿಂದ ಸೈಕಲ್ ಕೊಂಡು, ಎರಡೇ ತಿಂಗಳಲ್ಲಿ ಅದನ್ನು ಗೋಡೆಗೆ ಒರಗಿಸಿಬಿಟ್ಟವರನ್ನು ಕಾರಣ ಕೇಳಿದರೆ, ಹೆಚ್ಚಿನವರು ಕಾಲುನೋವನ್ನಲ್ಲ, ಸೀಟಿನ ನೋವನ್ನೇ ಹೇಳುತ್ತಾರೆ. ನೋವು ಶುರುವಾದ ಕೂಡಲೇ ನಾವೆಲ್ಲ ಮಾಡುವ ಮೊದಲ ಕೆಲಸವೆಂದರೆ ಅಂಗಡಿಗೆ ಹೋಗಿ ಮೆತ್ತನೆಯ ಜೆಲ್ ಕವರ್ ತಂದು ಸೀಟಿಗೆ ತೊಡಿಸುವುದು. ನಾನೂ ಅದನ್ನೇ ಮಾಡಿದ್ದೆ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿ.ಮೀ. ದೂರ, ಒಂದು ಭಾನುವಾರ ನಸುಕಿನಲ್ಲಿ ಹೊಸ ಕವರ್ ಹಾಕಿಕೊಂಡು ಹೊರಟವನಿಗೆ ಆನಗೋಡಿನವರೆಗೆ ಸಿಂಹಾಸನದ ಮೇಲೆ ಕುಳಿತಂತೆಯೇ ಇತ್ತು. ಭರಮಸಾಗರ ಬರುವಷ್ಟರಲ್ಲಿ ತೊಡೆಸಂದಿನ ಭಾಗವೆಲ್ಲ ಜೋಮು ಹಿಡಿದು, ಕೆಳಗಿಳಿದು ಹತ್ತು ನಿಮಿಷ ಅಡ್ಡಾಡಿದ ಮೇಲೆಯೇ ಅಲ್ಲಿಗೆ ಸ್ಪರ್ಶಜ್ಞಾನ ಮರಳಿದ್ದು. ಆ ದಿನ ಚಿತ್ರದುರ್ಗದ ಕೋಟೆ ನೋಡದೆ ಹಿಂದಿರುಗಿದೆ. ಮೆತ್ತಗಿರುವ ಸೀಟಿಗೂ ಹಿತವಾದ ಸೀಟಿಗೂ ಇರುವ ವ್ಯತ್ಯಾಸವನ್ನು ಅಂದಿನಿಂದ ಗಮನವಿಟ್ಟು ಕಲಿತಿದ್ದೇನೆ. ಆ ಕಲಿಕೆಯನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ದೇಹದ ಯಾವ ಭಾಗ ಸೀಟಿನ ಮೇಲೆ ಕೂರಬೇಕು ಎಂಬುದನ್ನು ತಿಳಿಯಬೇಕು. ಗಟ್ಟಿ ಬೆಂಚಿನ ಮೇಲೆ ಕುಳಿತು, ಅಂಗೈಗಳನ್ನು ಪೃಷ್ಠದ ಕೆಳಗೆ ಇಟ್ಟುಕೊಂಡು ಆಚೀಚೆ ವಾಲಿದರೆ ಎರಡು ಗಟ್ಟಿಯಾದ ಉಬ್ಬುಗಳು ಕೈಗೆ ತಾಗುತ್ತವೆ. ಇವು ಸೊಂಟದ ಮೂಳೆಯ ಕೆಳತುದಿಗಳು. ಇವನ್ನು ಕೂರುವ ಮೂಳೆಗಳು ಎಂದು ಕರೆಯೋಣ. ಮೈಭಾರ ಹೊರಲೆಂದೇ ಇರುವ ಮೂಳೆಗಳು ಇವು. ಇವೆರಡರ ನಡುವಿನ ಮೃದುಭಾಗದಲ್ಲಾದರೋ ನರಗಳೂ ರಕ್ತನಾಳಗಳೂ ಹಾದುಹೋಗುತ್ತವೆ; ಅಲ್ಲಿ ಭಾರ ಬಿದ್ದರೆ ಜೋಮು ಹಿಡಿಯುತ್ತದೆ. ಸೀಟು ತೀರಾ ಮೆತ್ತಗಿದ್ದಾಗ ಆಗುವುದೂ ಇದೇ. ಕೂರುವ ಮೂಳೆಗಳು ಜೆಲ್ಲಿನೊಳಗೆ ಹೂತುಹೋಗುತ್ತವೆ, ಅದುಮಿದ ಜೆಲ್ ನಡುವೆ ಉಬ್ಬಿ ಬಂದು ಮೃದುಭಾಗವನ್ನೇ ಒತ್ತತೊಡಗುತ್ತದೆ. ಮೊದಲ ಅರ್ಧ ಗಂಟೆ ಸುಖವಾಗಿ, ಆಮೇಲೆ ಹಿಂಸೆಯಾಗುವುದು ಇದರಿಂದಲೇ. ಮಾರುಕಟ್ಟೆಗೆ ಹೋಗಿಬರುವಷ್ಟು ದೂರಕ್ಕೆ ಜೆಲ್ ಕವರಿನಿಂದ ತೊಂದರೆಯಿಲ್ಲ; ಒಂದು ಗಂಟೆಗೂ ಮೀರಿ ತುಳಿಯುವವರು ಅದನ್ನು ನೆಚ್ಚಿಕೊಳ್ಳಬಾರದು.

ಹಾಗಾದರೆ ಹೊಸ ಸೀಟು ಕೊಳ್ಳಬೇಕೇ? ಅದಕ್ಕಿಂತ ಮೊದಲು ಈಗಿರುವ ಸೀಟು ಸರಿಯಾದ ಎತ್ತರದಲ್ಲಿದೆಯೇ, ಸಮತಟ್ಟಾಗಿದೆಯೇ ಎಂದು ನೋಡಬೇಕು. ನನ್ನ ಅನುಭವದಲ್ಲಿ ಸೀಟಿನ ಬಗೆಗಿನ ದೂರುಗಳಲ್ಲಿ ದೊಡ್ಡ ಪಾಲು ಒಂದು ಪಾನಾ ಅಥವಾ ಅಲೆನ್ ಕೀಯಿಂದಲೇ ಬಗೆಹರಿಯುತ್ತವೆ, ಅದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ.

ಎತ್ತರವನ್ನು ಹೀಗೆ ಸರಿಪಡಿಸಿ. ಸೈಕಲನ್ನು ಗೋಡೆಯ ಪಕ್ಕ ನಿಲ್ಲಿಸಿ, ಗೋಡೆಗೆ ಕೈಕೊಟ್ಟು ಸೀಟಿನ ಮೇಲೆ ನೇರವಾಗಿ ಕುಳಿತು, ಒಂದು ಪೆಡಲನ್ನು ಪೂರ್ತಿ ಕೆಳಕ್ಕೆ ತಂದು ಅದರ ಮೇಲೆ ಹಿಮ್ಮಡಿಯನ್ನಿಡಿ. ಆಗ ಮಂಡಿ ನೇರವಾಗಿ ನಿಲ್ಲಬೇಕು, ಆದರೆ ಸೊಂಟ ಒಂದು ಕಡೆಗೆ ವಾಲಬಾರದು. ತುಳಿಯುವಾಗ ಪಾದದ ಮುಂಭಾಗ ಪೆಡಲಿನ ಮೇಲಿರುವುದರಿಂದ, ಇದೇ ಎತ್ತರದಲ್ಲಿ ಮಂಡಿ ತುಸು ಬಾಗಿರುತ್ತದೆ, ಬೇಕಾದದ್ದು ಅದೇ. ಅಳತೆಯನ್ನು ಹೆಚ್ಚು ನಿಖರವಾಗಿ ಬಯಸುವವರಿಗೆ, 1986, 1989 ಮತ್ತು 1990ರಲ್ಲಿ ಟೂರ್ ದ ಫ್ರಾನ್ಸ್ ಗೆದ್ದ ಗ್ರೆಗ್ ಲೆಮಾಂಡ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಒಂದು ಲೆಕ್ಕವಿದೆ. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತು, ಒಂದು ದಪ್ಪ ಪುಸ್ತಕವನ್ನು ತೊಡೆಸಂದಿಗೆ ಬಿಗಿಯಾಗಿ ತಾಗುವಂತೆ ಹಿಡಿದು, ನೆಲದಿಂದ ಪುಸ್ತಕದ ಮೇಲಂಚಿನವರೆಗೆ ಅಳೆದು, ಬಂದ ಸಂಖ್ಯೆಯನ್ನು 0.883ರಿಂದ ಗುಣಿಸಬೇಕು. ಒಳಗಾಲು 80 ಸೆಂ.ಮೀ. ಇದ್ದವರಿಗೆ ಸುಮಾರು 70.6 ಸೆಂ.ಮೀ. ಬರುತ್ತದೆ, ಕ್ರ್ಯಾಂಕು, ಅಂದರೆ ಪೆಡಲನ್ನು ಹೊತ್ತ ತೋಳು, ತಿರುಗುವ ಅಚ್ಚಿನ ನಡುಬಿಂದುವಿನಿಂದ ಸೀಟಿನ ಮೇಲ್ಮೈವರೆಗಿನ ದೂರ ಅಷ್ಟಿರಬೇಕು. ಇದನ್ನು ಆರಂಭದ ಅಳತೆಯೆಂದು ಇಟ್ಟುಕೊಂಡು, ಅಲ್ಲಿಂದ ಒಂದು ಸಲಕ್ಕೆ 5 ಮಿ.ಮೀ.ಗಿಂತ ಹೆಚ್ಚು ಬದಲಿಸದೆ ಮುಂದುವರಿಯಿರಿ.

ಸೀಟು ಎತ್ತರವಾದರೆ ಪ್ರತಿ ತುಳಿತಕ್ಕೂ ಸೊಂಟ ಎಡಬಲ ಹೊರಳಿ, ತೊಡೆಯ ಒಳಬದಿ ಉಜ್ಜಿ ಕೆಂಪಾಗುತ್ತದೆ. ತಗ್ಗಾದರೆ ಕಾಲುಗಳು ಭಾರ ಹೊರುವುದಿಲ್ಲ, ಮೈಯೆಲ್ಲ ಸೀಟಿನ ಮೇಲೆಯೇ ಕುಸಿಯುತ್ತದೆ, ಜೊತೆಗೆ ಮಂಡಿಯ ಮುಂಭಾಗ ನೋಯುತ್ತದೆ. ನಮ್ಮ ಕಡೆ ಹೆಚ್ಚಾಗಿ ಕಾಣುವುದು ಈ ಎರಡನೆಯ ತಪ್ಪು. ಕುಳಿತಲ್ಲಿಂದಲೇ ಎರಡೂ ಪಾದ ನೆಲಕ್ಕೆ ಊರಬೇಕೆಂಬ ಆಸೆಯಿಂದ ಸೀಟನ್ನು ತಗ್ಗಿಸಿಕೊಳ್ಳುತ್ತೇವೆ. ಸರ್ಕಾರ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದ ಮೇಲೆ ಹಳ್ಳಿಹಳ್ಳಿಗೂ ಅಂಥ ಸೈಕಲ್‌ಗಳು ಬಂದವು. ಕೊಟ್ಟ ದಿನ ಸೀಟು ಎಲ್ಲಿತ್ತೋ ಹತ್ತನೆಯ ತರಗತಿ ಮುಗಿಯುವವರೆಗೂ ಅಲ್ಲಿಯೇ ಉಳಿದದ್ದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಬೆಳೆಯುವ ಮಕ್ಕಳ ಸೀಟನ್ನು ನಾಲ್ಕು ತಿಂಗಳಿಗೊಮ್ಮೆಯಾದರೂ ನೋಡಿ ಏರಿಸಬೇಕು. ಏರಿಸುವಾಗ ಸೀಟಿನ ಪೈಪಿನ ಮೇಲೆ ಕೊರೆದಿರುವ ಕನಿಷ್ಠ ಆಳದ ಗೆರೆ ಹೊರಗೆ ಕಾಣಿಸಬಾರದು. ಆ ಗೆರೆ ಮೇಲೆ ಬಂದರೆ ಪೈಪು ಮುರಿಯುವ, ಚೌಕಟ್ಟು ಬಿರುಕು ಬಿಡುವ ಅಪಾಯವಿದೆ.

ಮುಂದಿನದು ಸೀಟಿನ ಓಲು. ಗಾರೆ ಕೆಲಸದವರ ರಸಮಟ್ಟವನ್ನು ಸೀಟಿನ ಉದ್ದಕ್ಕೆ ಇಟ್ಟು ನೋಡಿ. ರಸಮಟ್ಟ ಸಿಗದಿದ್ದರೆ ಮೊಬೈಲಿನಲ್ಲಿರುವ ಅಂಥದೇ ಸೌಲಭ್ಯ ಸಾಕು, ಆದರೆ ಸೈಕಲ್ ನಿಂತ ನೆಲ ಸಮವಾಗಿದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಸೀಟಿನ ಮೂಗು ಮೇಲಕ್ಕೆದ್ದಿದ್ದರೆ ಮೃದುಭಾಗದ ಮೇಲೆ ಒತ್ತಡ ಬೀಳುತ್ತದೆ. ಹಾಗೆಂದು ಮೂಗನ್ನು ಬಹಳ ತಗ್ಗಿಸಿದರೆ ಮೈ ಮುಂದಕ್ಕೆ ಜಾರುತ್ತದೆ, ಜಾರುವುದನ್ನು ತಡೆಯಲು ಕೈಗಳು ಹ್ಯಾಂಡಲನ್ನು ಒತ್ತಿ ಹಿಡಿಯುತ್ತವೆ, ಸೀಟಿನ ನೋವು ಅಂಗೈಗೆ ವರ್ಗವಾಗುತ್ತದೆ. ಸಮತಟ್ಟಿನಿಂದ ಆರಂಭಿಸಿ, ಅಗತ್ಯ ಕಂಡರೆ ಒಂದೆರಡು ಡಿಗ್ರಿ ಮಾತ್ರ ಮೂಗನ್ನು ತಗ್ಗಿಸುವುದು ಒಳ್ಳೆಯದು. ಚಿತ್ರದುರ್ಗದಲ್ಲಿದ್ದು ವಾರಕ್ಕೊಮ್ಮೆ ಜೋಗಿಮಟ್ಟಿಯ ಏರು ಹತ್ತುವವರಿಗೆ ಈ ಒಂದೆರಡು ಡಿಗ್ರಿ ನಿಜಕ್ಕೂ ಬೇಕಾಗುತ್ತದೆ, ಏಕೆಂದರೆ ಏರಿನಲ್ಲಿ ಸೈಕಲ್ಲಿನೊಂದಿಗೆ ಸೀಟಿನ ಮೂಗೂ ಮೇಲಕ್ಕೇಳುತ್ತದೆ, ಸವಾರನೂ ಮುಂದಕ್ಕೆ ಸರಿದು ಮೂಗಿನ ಮೇಲೆಯೇ ಕೂರುತ್ತಾನೆ.

ಹಿಂದುಮುಂದಿನ ಸ್ಥಾನಕ್ಕೆ ಒಂದು ದಾರ, ಅದರ ತುದಿಗೆ ಒಂದು ನಟ್ಟು ಸಾಕು. ಕ್ರ್ಯಾಂಕನ್ನು ನೆಲಕ್ಕೆ ಸಮಾನಾಂತರವಾಗಿ ನಿಲ್ಲಿಸಿ, ಮುಂದಿನ ಕಾಲಿನ ಮಂಡಿಚಿಪ್ಪಿನ ಕೆಳಗಿನಿಂದ ದಾರ ಇಳಿಬಿಟ್ಟರೆ ಅದು ಪೆಡಲಿನ ಅಚ್ಚಿನ ಹತ್ತಿರ ಹಾದುಹೋಗಬೇಕು. ಹ್ಯಾಂಡಲ್ ದೂರವೆನಿಸಿತೆಂದು ಸೀಟನ್ನು ಮುಂದಕ್ಕೆ ಸರಿಸಬೇಡಿ. ಅದಕ್ಕೆ ಹ್ಯಾಂಡಲನ್ನೇ ಸರಿಪಡಿಸಬೇಕು. ಯಾವುದನ್ನೇ ಬದಲಿಸುವ ಮುನ್ನ ಹಳೆಯ ಸ್ಥಾನವನ್ನು ಟೇಪು ಅಂಟಿಸಿ ಗುರುತಿಸಿಕೊಳ್ಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅದೇ ದಾರಿಯಲ್ಲಿ ಎರಡು ಮೂರು ದಿನ ತುಳಿದು ನೋಡಿ. ಎತ್ತರವನ್ನೂ ಓಲನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ.

ಇಷ್ಟಾದರೂ ನೋವು ಉಳಿದರೆ ಆಗ ಸೀಟಿನ ಅಗಲದ ಪ್ರಶ್ನೆ ಬರುತ್ತದೆ. ಕೂರುವ ಮೂಳೆಗಳ ನಡುವಿನ ಅಂತರವನ್ನು ಮನೆಯಲ್ಲಿಯೇ ಅಳೆಯಬಹುದು. ಕಿರಾಣಿ ಅಂಗಡಿಯಲ್ಲಿ ಸಿಗುವ, ಒಳಗೆ ಅಲೆಅಲೆಯಾಗಿರುವ ರಟ್ಟಿನ ಡಬ್ಬದ ತುಂಡೊಂದನ್ನು ನಮ್ಮ ಮನೆಯ ಮುಂದಿನ ಕಲ್ಲುಕಟ್ಟೆಯ ಮೇಲಿಟ್ಟು, ತೆಳುವಾದ ಬಟ್ಟೆಯುಟ್ಟು ಅದರ ಮೇಲೆ ಕುಳಿತೆ. ಹ್ಯಾಂಡಲ್ ಹಿಡಿದಾಗ ಎಷ್ಟು ಬಾಗುತ್ತೇನೋ ಅಷ್ಟೇ ಮುಂದಕ್ಕೆ ಬಾಗಿ, ಪಾದಗಳನ್ನು ನೆಲದಿಂದ ಮೇಲೆತ್ತಿ, ನಿಧಾನವಾಗಿ ಮೂವತ್ತು ಎಣಿಸಿ ಎದ್ದೆ. ಮೊದಲ ನೋಟಕ್ಕೆ ರಟ್ಟಿನ ಮೇಲೆ ಏನೂ ಕಾಣಲಿಲ್ಲ. ಸೀಮೆಸುಣ್ಣವನ್ನು ಅಡ್ಡವಾಗಿ ಹಿಡಿದು ಹಗುರವಾಗಿ ಉಜ್ಜಿದಾಗ, ರಟ್ಟೆಲ್ಲ ಬೆಳ್ಳಗಾಗಿ, ತಗ್ಗಾಗಿದ್ದ ಎರಡು ಕಡೆ ಮಾತ್ರ ಸುಣ್ಣ ಹತ್ತದೆ, ನಾಣ್ಯಕ್ಕಿಂತ ತುಸು ದೊಡ್ಡದಾದ ಎರಡು ಕಂದು ಗುರುತುಗಳು ಉಳಿದವು. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಸ್ಕೇಲಿಟ್ಟರೆ 126 ಮಿ.ಮೀ. ಬಂತು, ಹೊಸ ತುಂಡುಗಳ ಮೇಲೆ ಮತ್ತೆರಡು ಸಲ ಕುಳಿತಾಗ 120 ಮತ್ತು 122. ಆದ್ದರಿಂದ ಮೂರು ಸಲ ಅಳೆದು ನಡುವಿನದನ್ನು ಹಿಡಿಯುವುದು ಕ್ಷೇಮ. ಮೈ ದಪ್ಪವಾಗಿದ್ದವರಿಗೆಲ್ಲ ಅಗಲ ಸೀಟೇ ಬೇಕೆಂಬುದು ತಪ್ಪು ತಿಳಿವಳಿಕೆ. ಸಣ್ಣಗಿರುವವರ ಮೂಳೆಗಳ ಅಂತರವೂ ಹೆಚ್ಚಿರಬಹುದು. ಹೆಂಗಸರಲ್ಲಿ ಈ ಅಂತರ ಸಾಮಾನ್ಯವಾಗಿ ಗಂಡಸರಿಗಿಂತ ಹೆಚ್ಚು, ಆದರೆ ಅದನ್ನು ಊಹಿಸದೆ ಅಳೆದೇ ನೋಡಬೇಕು.

ಬಂದ ಅಳತೆಗೆ ಕೂರುವ ಭಂಗಿಯನ್ನು ನೋಡಿ ಒಂದಷ್ಟು ಸೇರಿಸಬೇಕು. ರೇಸ್ ಸೈಕಲ್ಲಿನಲ್ಲಿ ಬಹಳ ಬಾಗಿ ತುಳಿಯುವವರು 10ರಿಂದ 15 ಮಿ.ಮೀ., ಹೈಬ್ರಿಡ್ ಸೈಕಲ್ಲಿನಲ್ಲಿ ಅರೆಬಾಗಿ ತುಳಿಯುವವರು 20ರಿಂದ 25 ಮಿ.ಮೀ., ನೆಟ್ಟಗೆ ಕೂರುವವರು 30 ಮಿ.ಮೀ. ಅಥವಾ ಅದಕ್ಕೂ ಹೆಚ್ಚು ಸೇರಿಸಿಕೊಳ್ಳುವುದು ಸ್ಥೂಲವಾದ ಲೆಕ್ಕ. ಮುಂದಕ್ಕೆ ಬಾಗಿದಷ್ಟೂ ಸೊಂಟ ತಿರುಗಿ, ಮೂಳೆಯ ಮುಂದಿನ ಕಿರಿದಾದ ಭಾಗ ಸೀಟಿಗೆ ತಾಗುವುದರಿಂದ ಕಿರಿದಾದ ಸೀಟು ಹೊಂದುತ್ತದೆ. ರೇಸ್ ಸೈಕಲ್ಲಿನ ಸೀಟನ್ನು ಕಂಡು ಇದರ ಮೇಲೆ ಹೇಗೆ ಕೂರುತ್ತಾರಪ್ಪಾ ಎಂದು ಬೆರಗಾಗುವವರು ಆ ಸವಾರನ ಬೆನ್ನು ಎಷ್ಟು ಬಾಗಿದೆ ಎಂಬುದನ್ನೂ ಗಮನಿಸಬೇಕು. ಇನ್ನು ಹಾಲಿನ ಕ್ಯಾನು ಕಟ್ಟಿಕೊಂಡು ಬರುವವರ ಹಳೆಯ ಕಪ್ಪು ಸೈಕಲ್ಲಿಗೆ ಇರುವ, ಕೆಳಗೆ ಸ್ಪ್ರಿಂಗುಗಳುಳ್ಳ ಅಗಲವಾದ ಸೀಟು ಹಳೆಯದೆಂದು ತಿರಸ್ಕರಿಸಬೇಕಾದದ್ದಲ್ಲ. ಹ್ಯಾಂಡಲ್ ಎತ್ತರವಾಗಿರುವ ಆ ಸೈಕಲ್ಲಿನಲ್ಲಿ ಸವಾರನ ಭಾರವೆಲ್ಲ ನೇರವಾಗಿ ಸೀಟಿನ ಮೇಲೆಯೇ ಬೀಳುವುದರಿಂದ, ಹೊಲದ ದಾರಿಯ ಕುಲುಕಾಟವನ್ನು ನುಂಗುವ ಸ್ಪ್ರಿಂಗು ಅಲ್ಲಿ ಅತ್ಯಗತ್ಯ. ಅದೇ ಸೀಟನ್ನು ತಂದು ಬಾಗಿ ತುಳಿಯುವ ಸೈಕಲ್ಲಿಗೆ ಕೂರಿಸಿದರೆ ಅಗಲದ ಅಂಚು ತೊಡೆಗೆ ಉಜ್ಜುತ್ತದೆ.

ಅಂಗಡಿಯಲ್ಲಿ ಸೀಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಮೆತ್ತಗಿದೆ ಎಂದು ಕೊಳ್ಳುವ ಅಭ್ಯಾಸವನ್ನು ಬಿಡಬೇಕು. ಹಿಂಭಾಗದ ಅಗಲವನ್ನು ಅಳತೆಪಟ್ಟಿಯಿಂದ ಅಳೆಯಿರಿ. ಅಂಚುಗಳು ಇಳಿಜಾರಾಗಿದ್ದರೆ ಮೇಲಿನ ಸಮತಟ್ಟು ಭಾಗವನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ, ಏಕೆಂದರೆ ಮೂಳೆಗಳು ಕೂರುವುದು ಅಲ್ಲಿಯೇ. ನಿಮ್ಮ ಸೀಟಿನ ಪೈಪಿಗೆ ಈ ಹೊಸ ಸೀಟಿನ ಕ್ಲಾಂಪು ಹೊಂದುತ್ತದೆಯೇ ಎಂದೂ ಕೇಳಿ. ಹಳೆಯ ಮಾದರಿಯ ಪೈಪಿಗೆ ಕ್ಲಾಂಪು ಬೇರೆಯೇ ಬರುತ್ತದೆ. ಪರಿಚಯದ ಅಂಗಡಿಯಾದರೆ ಒಂದು ದಿನ ತುಳಿದು ನೋಡಿ ಹಿಂದಿರುಗಿಸಲು ಅವಕಾಶ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಅಂಗಡಿಯ ಮುಂದೆ ಎರಡು ಸುತ್ತು ಹಾಕಿದರೆ ಏನೂ ತಿಳಿಯುವುದಿಲ್ಲ. ಹರಿಹರದವರೆಗೆ ಹೋಗಿಬರುವಷ್ಟು ದೂರವಾದರೂ ತುಳಿಯಬೇಕು.

ನಡುವೆ ಸೀಳು ಅಥವಾ ತಗ್ಗು ಇರುವ ಸೀಟುಗಳು ಮೃದುಭಾಗದ ಒತ್ತಡವನ್ನು ಕಡಿಮೆ ಮಾಡುತ್ತವೆ. ಜೋಮು ಹಿಡಿಯುವವರು ಇವನ್ನು ಪ್ರಯತ್ನಿಸಬೇಕು. ಮೂಗೇ ಇಲ್ಲದ ಸೀಟುಗಳೂ ಇವೆ. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ರಾಷ್ಟ್ರೀಯ ಸಂಸ್ಥೆಯ ಸಂಶೋಧಕರು ಸೈಕಲ್ ಮೇಲೆ ಗಸ್ತು ತಿರುಗುವ ಪೊಲೀಸರಿಗೆ ಇಂಥ ಸೀಟು ಕೊಟ್ಟು ನಡೆಸಿದ, 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜನನಾಂಗದ ಜೋಮು ತಮಗೆ ಆಗಲಿಲ್ಲ ಎಂದವರ ಪ್ರಮಾಣ ಆರು ತಿಂಗಳಲ್ಲಿ ಶೇ 27ರಿಂದ ಶೇ 82ಕ್ಕೆ ಏರಿತು. ಇದನ್ನು ಇಲ್ಲಿ ಬರೆಯಲು ಕಾರಣವಿದೆ. ನಮ್ಮಲ್ಲಿ ಈ ತೊಂದರೆಯನ್ನು ಸಂಕೋಚದಿಂದ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳದೆ ಸಹಿಸಿಕೊಂಡು ತುಳಿಯುತ್ತಲೇ ಇರುತ್ತಾರೆ. ಹೊಸಬರಿಗೆ ಕೂರುವ ಮೂಳೆಗಳ ಮೇಲೆ ಮೊದಲ ಒಂದೆರಡು ವಾರ ನೋವಿರುವುದು ಸಹಜ, ಅದು ತಾನಾಗಿಯೇ ಹೋಗುತ್ತದೆ. ಆದರೆ ಜೋಮು ಸಹಜವಲ್ಲ, ಅದನ್ನು ಅಭ್ಯಾಸ ಮಾಡಿಕೊಳ್ಳಬಾರದು. ಸೀಟನ್ನು ಸರಿಪಡಿಸಿದ ಮೇಲೂ ಜೋಮು ಹಿಡಿಯುತ್ತಿದ್ದರೆ ಅಥವಾ ಇಳಿದು ಬಹಳ ಹೊತ್ತಾದರೂ ಹೋಗದಿದ್ದರೆ ವೈದ್ಯರನ್ನು ಕಾಣಬೇಕು.

ಉಡುಪಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಜೀನ್ಸಿನ ನಡುವಿನ ದಪ್ಪ ಹೊಲಿಗೆ ಸರಿಯಾಗಿ ಕೂರಬಾರದ ಜಾಗದಲ್ಲಿಯೇ ಕೂರುತ್ತದೆ, ಆದ್ದರಿಂದ ದೂರದ ಪಯಣಕ್ಕೆ ಅದು ಬೇಡ. ಪ್ಯಾಡ್ ಇರುವ ಸೈಕಲ್ ಚಡ್ಡಿಯನ್ನು ಒಳಉಡುಪಿಲ್ಲದೆ ಧರಿಸಬೇಕು, ಪ್ರತಿ ಸಲವೂ ಒಗೆಯಬೇಕು. ನಮ್ಮ ಬಯಲುಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಬೆವರಿಗೆ ಚರ್ಮ ಮೆತ್ತಗಾಗಿ ಬೇಗ ಉಜ್ಜಿಕೊಳ್ಳುವುದರಿಂದ ಹೊರಡುವ ಮುನ್ನ ಸ್ವಲ್ಪ ವ್ಯಾಸಲೀನ್ ಹಚ್ಚಿಕೊಳ್ಳಬಹುದು. ಸೀಟು ಎಷ್ಟೇ ಹಿತವಾಗಿರಲಿ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಪೆಡಲಿನ ಮೇಲೆ ಎದ್ದುನಿಂತು ಅರ್ಧ ನಿಮಿಷ ರಕ್ತ ಓಡಾಡಲು ಬಿಡಿ. ರಸ್ತೆಯ ಉಬ್ಬು ಬಂದಾಗಲೆಲ್ಲ ಎದ್ದರೆ ಇದು ತಾನಾಗಿಯೇ ರೂಢಿಯಾಗುತ್ತದೆ.

ಚರ್ಮದ ಸೀಟು ಕೊಳ್ಳುವ ಆಸೆಯಿದ್ದರೆ ತಾಳ್ಮೆ ಬೇಕು. ಆರಂಭದಲ್ಲಿ ಅದು ಹಲಗೆಯಂತೆ ಗಟ್ಟಿಯಾಗಿರುತ್ತದೆ. ಕೆಲವು ನೂರು ಕಿ.ಮೀ. ತುಳಿದ ಮೇಲೆ ನಿಮ್ಮ ಮೂಳೆಗಳ ಆಕಾರಕ್ಕೆ ಎರಡು ತಗ್ಗುಗಳು ಮೂಡಿ, ಆಮೇಲೆ ಅದು ನಿಮಗೊಬ್ಬರಿಗೇ ಹೊಂದುವ ಸೀಟಾಗುತ್ತದೆ. ಮಳೆಯಲ್ಲಿ ನೆನೆಯಲು ಬಿಡಬಾರದು, ನೆನೆದರೆ ಬಿಸಿಲಿಗಿಡದೆ ನೆರಳಿನಲ್ಲಿ ಒಣಗಿಸಬೇಕು. ಮೂಗಿನ ಕೆಳಗಿರುವ ಬಿಗಿಯುವ ನಟ್ಟನ್ನು ಚರ್ಮ ಜೋತುಬಿದ್ದಾಗ ಮಾತ್ರ, ಕಾಲು ಸುತ್ತಿಗಿಂತ ಹೆಚ್ಚಿಲ್ಲದಂತೆ ತಿರುಗಿಸಿ. ರೆಕ್ಸಿನ್ ಸೀಟಿಗೆ ಈ ಆರೈಕೆ ಬೇಡವಾದರೂ, ಬಿಸಿಲಿಗೆ ಬಿಟ್ಟರೆ ಅದು ಬಿರುಕು ಬಿಟ್ಟು ಒಳಗಿನ ಸ್ಪಂಜು ನೀರು ಹೀರತೊಡಗುತ್ತದೆ. ಹಾಗಾದ ಸೀಟಿಗೆ ಮತ್ತೊಂದು ಕವರ್ ಹಾಕುವ ಬದಲು ಸೀಟನ್ನೇ ಬದಲಿಸುವುದು ಒಳ್ಳೆಯದು. ಹೊಸ ಸೀಟು ಕೂರಿಸಿದ ಮೊದಲ ವಾರದಲ್ಲಿ ಕ್ಲಾಂಪಿನ ನಟ್ಟನ್ನು ಎರಡು ಸಲ ಬಿಗಿಮಾಡಿ, ಓಲು ಬದಲಾಗಿಲ್ಲವೆಂದು ರಸಮಟ್ಟವಿಟ್ಟು ಮತ್ತೊಮ್ಮೆ ನೋಡಿ.