ಅಕ್ಕನ ಮಗ ಓದಲು ಬಂದರೆ: ಬಿ.ಸಿ.ಯಲ್ಲಿ ಗಾರ್ಡಿಯನ್ ಮತ್ತು 19ರ ಲೆಕ್ಕ

ಊರಲ್ಲಿ 18 ತುಂಬಿತೆಂದರೆ ಹುಡುಗ ವಯಸ್ಕ. ಕೆನಡಾದ ಬ್ರಿಟಿಷ್ ಕೊಲಂಬಿಯ (ಬಿ.ಸಿ.) ಪ್ರಾಂತ್ಯದಲ್ಲಿ 19 ಆಗಬೇಕು. ಪಕ್ಕದ ಆಲ್ಬರ್ಟಾದಲ್ಲೂ ಒಂಟಾರಿಯೊದಲ್ಲೂ 18 ಸಾಕು. ಹಾಗಾಗಿ ಟೊರಾಂಟೊದ ನೆಂಟರ ಸಲಹೆಯನ್ನು ಇಲ್ಲಿ ಕಣ್ಣುಮುಚ್ಚಿ ಪಾಲಿಸಬೇಡಿ.

ಅಪ್ಪ ಅಮ್ಮ ಜೊತೆಗಿಲ್ಲದೆ ಓದಲು ಬರುವ ಮಗುವಿಗೆ 17 ತುಂಬಿಲ್ಲದಿದ್ದರೆ ಇಲ್ಲೊಬ್ಬ ಕಸ್ಟೋಡಿಯನ್, ಅಂದರೆ ಅದನ್ನು ನೋಡಿಕೊಳ್ಳುವ ಹೊಣೆ ಹೊತ್ತ ದೊಡ್ಡವರು, ಇರಲೇಬೇಕು. 17ರಿಂದ 19ರ ನಡುವೆ ಬೇಕೋ ಬೇಡವೋ ಎಂಬುದು ವೀಸಾ ಅಧಿಕಾರಿಗೆ ಬಿಟ್ಟದ್ದು. ಇದಕ್ಕೆ ತುಂಬಬೇಕಾದದ್ದು ಫಾರ್ಮ್ ಐಎಂಎಂ 5646, ಎರಡು ಭಾಗ: ಒಂದಕ್ಕೆ ಹೆತ್ತವರು ಊರಲ್ಲಿ ನೋಟರಿ ಮುಂದೆ ಸಹಿ ಹಾಕಬೇಕು, ಇನ್ನೊಂದಕ್ಕೆ ಕಸ್ಟೋಡಿಯನ್ ಕೆನಡಾದಲ್ಲಿ. ಕಸ್ಟೋಡಿಯನ್ ಆಗುವವರು ಕೆನಡಾದ ಸಿಟಿಜನ್ ಅಥವಾ ಪಿಆರ್ (ಕಾಯಂ ನಿವಾಸಿ) ಇರಬೇಕು. ವರ್ಕ್ ಪರ್ಮಿಟ್ ಮೇಲಿರುವ ಸ್ವಂತ ಚಿಕ್ಕಪ್ಪನೂ ನಡೆಯುವುದಿಲ್ಲ. ಅರ್ಜಿ ಕೆಡುವುದು ಹೆಚ್ಚಾಗಿ ಇಲ್ಲೇ.

ಈ ಫಾರ್ಮ್ ಇಮಿಗ್ರೇಶನ್ ಕೆಲಸಕ್ಕಷ್ಟೇ; ಅದರಿಂದ ನೀವು ಗಾರ್ಡಿಯನ್, ಅಂದರೆ ಕಾನೂನಿನ ಪ್ರಕಾರ ಪೋಷಕರು, ಆಗುವುದಿಲ್ಲ. ಹಾಗೆಂದು ಕೋರ್ಟಿಗೆ ಓಡಬೇಕಿಲ್ಲ. ಗಾರ್ಡಿಯನ್ ಆದವರು (ಇಲ್ಲಿ ಹೆತ್ತವರು) ತಾತ್ಕಾಲಿಕವಾಗಿ ಜವಾಬ್ದಾರಿ ನೋಡಲಾಗದಿದ್ದಾಗ ಬೇರೊಬ್ಬರಿಗೆ ಬರಹದಲ್ಲಿ ವಹಿಸಲು ಇಲ್ಲಿನ ಫ್ಯಾಮಿಲಿ ಲಾ ಆಕ್ಟ್‌ನ 43ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಪತ್ರದಲ್ಲಿ ಶಾಲೆ, ಚಿಕಿತ್ಸೆ, ವಾಸ ಎಂದು ಬಿಡಿಬಿಡಿಯಾಗಿ ಬರೆಸಿ, ಅವಧಿಯನ್ನೂ ಹಾಕಿಸಿ. 'ಎಲ್ಲ ಅಧಿಕಾರ ಕೊಟ್ಟಿದ್ದೇವೆ' ಎಂಬ ಒಂದೇ ಸಾಲು ಶಾಲೆಯ ಕೌಂಟರಿನಲ್ಲಿ ಪ್ರಶ್ನೆಗಳನ್ನೇ ಎಬ್ಬಿಸುತ್ತದೆ.

ಹೆತ್ತವರು ತೀರಿಕೊಂಡಾಗಲೋ ವ್ಯಾಜ್ಯ ಎದ್ದಾಗಲೋ ಮಾತು ಬೇರೆ. ಆಗ ಕೋರ್ಟು ಮೊದಲು ನೋಡುವುದು ಮಗುವಿನ ಪಾಸ್‌ಪೋರ್ಟನ್ನಲ್ಲ, ಅದು ಕಾಯಂ ಆಗಿ ನೆಲೆಸಿರುವ ಊರನ್ನು. ಒಂದು ವರ್ಷದ ಓದಿಗೆ ಬಂದ ಹುಡುಗನ ನೆಲೆ ಮೈಸೂರೇ ಎಂದಾಗಬಹುದು. ಹಾಗಾದರೆ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆಕ್ಟ್ ಪ್ರಕಾರ ಅರ್ಜಿ ಅಲ್ಲಿನ ಕೋರ್ಟಿಗೆ. ಮಗು ಇಲ್ಲೇ ಇದ್ದು, ಸಾಕ್ಷ್ಯ ಇಲ್ಲೇ ಸಿಗುವಂತಿದ್ದು, ಬೇರೆಲ್ಲೂ ಕೇಸು ನಡೆಯುತ್ತಿಲ್ಲದಿದ್ದರೆ, ಇನ್ನೂ ಕೆಲವು ಷರತ್ತುಗಳೊಡನೆ, ಇಲ್ಲಿನ ಕೋರ್ಟೂ ಕೈಗೆತ್ತಿಕೊಳ್ಳಬಹುದು. ಅಪಾಯವಿದ್ದಾಗಿನ ನಿಯಮ ಬೇರೆ. ಆಗ ವಕೀಲರನ್ನು ಅಂದೇ ಕಾಣಿ.

ಗಾರ್ಡಿಯನ್ ಆಗಲು ಇಲ್ಲಿನ ಕೋರ್ಟಿಗೆ ಹಾಕುವ ಅರ್ಜಿಯ ಜೊತೆ ಅಫಿಡವಿಟ್, ಕ್ರಿಮಿನಲ್ ರೆಕಾರ್ಡ್ ಚೆಕ್, ಮಕ್ಕಳ ಇಲಾಖೆಯ ದಾಖಲೆ ತಪಾಸಣೆ ಬೇಕು. ಇವೆಲ್ಲ ಒಂದೇ ದಿನದಲ್ಲಿ ಕೈಗೆ ಬರುವುದಿಲ್ಲ, ಮೊದಲೇ ಹಾಕಿ. ಮಗುವಿಗೆ 12 ತುಂಬಿದ್ದರೆ ಅದರ ಲಿಖಿತ ಒಪ್ಪಿಗೆಯನ್ನೂ ಸಾಮಾನ್ಯವಾಗಿ ಕೇಳುತ್ತಾರೆ. ಊರಿನ ಕೋರ್ಟಿನ ಆದೇಶ ತರುವುದಾದರೆ, ಎದುರು ಕಕ್ಷಿಗೆ ನೋಟಿಸ್ ತಲುಪಿದ ದಾಖಲೆ ಜೊತೆಗಿರಲಿ. ಅದಿಲ್ಲದ ಆದೇಶವನ್ನು ಇಲ್ಲಿ ತಳ್ಳಿಹಾಕಬಹುದು.

18ರ ಹುಡುಗ ಬಾಡಿಗೆ ಕರಾರಿಗೆ ತಾನೇ ಸಹಿ ಹಾಕಬಹುದು, ಅದು ಅವನನ್ನು ಕಟ್ಟಿಹಾಕುತ್ತದೆ ಕೂಡ. ಬೇರೆ ಎಷ್ಟೋ ಕರಾರುಗಳು ಅವನ ಮೇಲೆ ಜಾರಿಯಾಗುವುದಿಲ್ಲ. ಅದಕ್ಕೇ ದೊಡ್ಡವರ ಸಹಿ ಕೇಳುವುದು. ಇನ್ನು ಪಿಆರ್ ಅರ್ಜಿಯಲ್ಲಿ ಅವಲಂಬಿತ ಮಕ್ಕಳೆಂದರೆ 22 ತುಂಬದವರು. ಆ ಲೆಕ್ಕವನ್ನು ಇದರೊಡನೆ ಬೆರೆಸಬೇಡಿ.