ಶಿಬಿರದಲ್ಲಿ ಜಗಳ ಆಗಲೇಬೇಕು

ಸಾಗರದ ಕಡೆಯ ಹಳ್ಳಿಯೊಂದರಲ್ಲಿ ಏಪ್ರಿಲ್ ಕೊನೆಗೆ ನಾವು ನಡೆಸುವುದು, ಮಕ್ಕಳು ತಮ್ಮ ಜಗಳ ತಾವೇ ಬಗೆಹರಿಸಿಕೊಳ್ಳಲು ಕಲಿಯುವ ಆರು ದಿನದ ಶಿಬಿರ. ಒಂಬತ್ತರಿಂದ ಹದಿಮೂರು ವರ್ಷದ 24 ಮಕ್ಕಳು, ನಾಲ್ವರು ದೊಡ್ಡವರು. ಆರು ಮಕ್ಕಳಿಗೆ ಒಬ್ಬರು ಎಂಬ ಲೆಕ್ಕ ತಪ್ಪಿದರೆ ಕೆಲಸ ಕೆಡುತ್ತದೆ. ಜಗಳ ಶುರುವಾದದ್ದನ್ನು ಯಾರೂ ನೋಡಿರುವುದಿಲ್ಲ, ಕಣ್ಣಿಗೆ ಬೀಳುವುದು ಎರಡನೇ ಏಟು; ಬೈಗುಳವೂ ಅದನ್ನು ಕೊಟ್ಟವನಿಗೇ. ಅಣ್ಣ–ತಂಗಿಯರನ್ನೂ ಒಂದೇ ಕೇರಿಯವರನ್ನೂ ಬೇರೆ ಬೇರೆ ಗುಂಪಿಗೆ ಹಾಕುತ್ತೇವೆ.

ಮಾತಿನ ಕೆಲಸವೆಲ್ಲ ಊಟಕ್ಕೆ ಮೊದಲು. ಈ ದಿನಗಳಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಗುಡುಗು ಮಳೆ ಬಂದರೂ ಬಂತು. ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಪಕ್ಕದವರ ಮಾತೂ ಕೇಳಿಸದು. ಮೆಲ್ಲಗೆ ಹೇಳಿಕೊಳ್ಳುತ್ತಿದ್ದ ಹುಡುಗಿ ಕಿರುಚಿ ಹೇಳಬೇಕಾಗಿ ಬಂದರೆ ಸುಮ್ಮನಾಗಿಬಿಡುತ್ತಾಳೆ. ಹನ್ನೊಂದಕ್ಕೆ ಮಜ್ಜಿಗೆ, ಬಾಳೆಹಣ್ಣು ಕಡ್ಡಾಯ. ಹನ್ನೆರಡೂವರೆಗೆ ಏಳುವ ಜಗಳದಲ್ಲಿ ಅರ್ಧಕ್ಕರ್ಧ ಹಸಿವಿನದು, ಅದಕ್ಕೆ ರಾಜಿ ಬೇಡ, ಊಟ ಸಾಕು.

ಮೊದಲ ದಿನ ಶಾಂತಿಯ ಮೇಲೆ ಭಾಷಣ ಇಲ್ಲ, ಗಾಂಧೀಜಿ ಪಟವೂ ಇಲ್ಲ. ಲಗೋರಿ. ಅಂಚು ಉಜ್ಜಿದ ಏಳು ಹೆಂಚಿನ ಚೂರು, ಹಳೇ ಬಟ್ಟೆ ಸುತ್ತಿದ ಚೆಂಡು, ಒಂದೊಂದು ಕಡೆಗೆ ಆರಾರು ಜನ, ಇಪ್ಪತ್ತು ನಿಮಿಷ. ಅಂಪೈರ್ ಇರಬಾರದು, ಇದೇ ಮುಖ್ಯ. ಚೆಂಡು ತಾಗಿದ್ದು ಮೊದಲೋ, ಏಳನೇ ಚೂರು ಇಟ್ಟದ್ದು ಮೊದಲೋ ಎಂದು ಜಗಳ ತಾನಾಗಿ ಬರುತ್ತದೆ. ಹೊಡೆಯಲು ಕೈ ಎತ್ತುವವರೆಗೆ ದೊಡ್ಡವರು ನಡುವೆ ಹೋಗುವುದಿಲ್ಲ. ನಾಟಕಕ್ಕೆಂದು ಬರೆದ ಜಗಳದಲ್ಲಿ ಮಕ್ಕಳು ಒಳ್ಳೆಯವರಾಗಿ ನಟಿಸುತ್ತಾರೆ. ಲಗೋರಿಯಲ್ಲಿ ನಟಿಸಲು ಪುರಸೊತ್ತೇ ಇಲ್ಲ.

ಆಡದೆ ಕೂತ ಹನ್ನೆರಡು ಮಕ್ಕಳದು ಸಾಕ್ಷಿಯ ಕೆಲಸ. ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು ಮಾತ್ರ ಹೇಳಬೇಕು. ‘ಅವ ಮೋಸ ಮಾಡ್ದ’ ಎಂಬುದು ಕಂಡದ್ದಲ್ಲ. ‘ಚೆಂಡು ಕಾಲಿಗೆ ತಾಗ್ತು, ಆಮೇಲೆ ಚೂರು ಇಟ್ಟ’ ಎಂಬುದು ಕಂಡದ್ದು. ‘ಅವ ಯಾವಾಗ್ಲೂ ಹಿಂಗೇ’ ಎಂದರೆ ‘ಇವತ್ತು ಏನಾಯ್ತು?’ ಎಂದಷ್ಟೇ ಕೇಳಬೇಕು. ಇಷ್ಟು ಬಾಯಿಗೆ ಕೂರಲು ಎರಡು ದಿನ ಬೇಕು. ಅವಸರ ಮಾಡಿ ಮುಂದೆ ಹೋದರೆ ಉಳಿದದ್ದೆಲ್ಲ ಬಾಯಿಪಾಠ.

ಭಾವನೆಯ ಪಾಠಕ್ಕೆ ನಗುಮುಖ–ಅಳುಮುಖದ ಚಿತ್ರಪಟ ನೇತುಹಾಕುವ ರೂಢಿಯಿದೆ. ನಮ್ಮ ಮಕ್ಕಳ ತೊಡಕು ಬೇರೆ: ಅವರ ಬಾಯಲ್ಲಿ ಎಲ್ಲದಕ್ಕೂ ‘ಬೇಜಾರು’ ಒಂದೇ ಪದ. ಅವಮಾನಕ್ಕೂ ಬೇಜಾರು, ಹೊಟ್ಟೆಕಿಚ್ಚಿಗೂ ಬೇಜಾರು, ಕೆಲಸವಿಲ್ಲದೆ ಕೂತರೂ ಬೇಜಾರು. ಹಾಗಾಗಿ ನಮ್ಮ ಪ್ರಶ್ನೆ, ‘ಎಂಥ ಬೇಜಾರು?’ ಹೆದರಿಕೆ, ನಾಚಿಕೆ, ನಿರಾಸೆ, ಒಬ್ಬನೇ ಆದ ಹಾಗೆ ಎಂದು ಮಕ್ಕಳೇ ಹೇಳಿದ ಪದಗಳನ್ನು ಗೋಡೆಗೆ ಅಂಟಿಸುತ್ತೇವೆ. ಮನೆಯಲ್ಲಿ ಉರ್ದು, ಕೊಂಕಣಿ, ಲಂಬಾಣಿ ಆಡುವ ಮಗು ಮೊದಲು ಅದರಲ್ಲೇ ಹೇಳಲಿ. ಅದೇ ಮಾತಿನ ಇನ್ನೊಂದು ಮಗು ಕನ್ನಡಕ್ಕೆ ತಂದುಕೊಡುತ್ತದೆ. ‘ನಂಗೆ ಸಿಟ್ಟು ಬಂತು’ ಎನ್ನುವ ನಮ್ಮ ವಾಕ್ಯದಲ್ಲಿ ಎದುರಿನವನ ಮೇಲೆ ದೂರೇ ಇಲ್ಲ. ‘ನೀ ಸಿಟ್ಟು ಬರ್ಸ್ದೆ’ ಎಂದ ಕೂಡಲೇ ಕೋರ್ಟು ಶುರು.

ಮೂರನೇ ದಿನ ಹಲಸಿನ ಹಣ್ಣು. ಮೂರು ಮಕ್ಕಳಿಗೆ ಮೂರು ಚೀಟಿ: ಒಬ್ಬರಿಗೆ ತೊಳೆ ಬೇಕು, ಒಬ್ಬರಿಗೆ ಸಾರಿಗೆ ಬೀಜ, ಇನ್ನೊಬ್ಬರಿಗೆ ದನಕ್ಕೆ ಹಾಕಲು ಸಿಪ್ಪೆ. ಚೀಟಿ ತೋರಿಸುವಂತಿಲ್ಲ. ಮೂವರೂ ಕೇಳುವುದು ‘ಹಣ್ಣು ನಂಗೆ ಬೇಕು’ ಎಂದೇ. ಎಂಟು ನಿಮಿಷ ಕೊಟ್ಟರೆ ಹೆಚ್ಚಿನವರು ಮೂರು ಪಾಲು ಮಾಡುತ್ತಾರೆ, ಮೂವರಿಗೂ ಬೇಡದ್ದೇ ಜಾಸ್ತಿ ಸಿಗುತ್ತದೆ. ‘ನಿಂಗೆ ಎಂಥಕ್ಕೆ ಬೇಕು?’ ಎಂದು ಯಾರಾದರೂ ಕೇಳಿದ ಕ್ಷಣಕ್ಕೆ ಗಂಟು ಬಿಚ್ಚಿತು. ಕೇಳದಿದ್ದರೆ ಹೇಳಿಕೊಡಬೇಡಿ, ಚೀಟಿಯನ್ನು ಅವರೇ ಬಿಚ್ಚಿ ನೋಡಲಿ. (ಕತ್ತಿಗೂ ಕೈಗೂ ಕೊಬ್ಬರಿಎಣ್ಣೆ ಹಚ್ಚುವುದು ಮರೆತರೆ ಮುಂದಿನ ಒಂದು ಗಂಟೆ ಮೇಣ ತೆಗೆಯುವುದರಲ್ಲೇ ಹೋಯಿತು.)

ನಾಲ್ಕು, ಐದನೇ ದಿನ ಮಕ್ಕಳೇ ಜಗಳ ಬಿಡಿಸುತ್ತಾರೆ. ಒಂದು ಜಗಳಕ್ಕೆ ಇಬ್ಬರು ‘ನಡುವಿನವರು’. ಪಂಚಾಯ್ತಿ ಎಂಬ ಪದ ಬಳಸಬೇಡಿ. ಬಳಸಿದರೆ ಕಾಲ ಮೇಲೆ ಕಾಲು ಹಾಕಿ ಕೂತು ತೀರ್ಪು ಕೊಡುತ್ತಾರೆ, ‘ಎರಡು ಚಾಕ್ಲೇಟ್ ದಂಡ’ ಎನ್ನುತ್ತಾರೆ. ನಡುವಿನವರು ಪ್ರಶ್ನೆ ಮಾತ್ರ ಕೇಳಬಹುದು. ಮೊದಲು ಒಬ್ಬರು ಎರಡು ನಿಮಿಷ ಹೇಳುವುದು. ಎದುರಿನವರು ಉತ್ತರ ಕೊಡದೆ, ಕೇಳಿದ್ದನ್ನು ತಿರುಗಿ ಹೇಳುವುದು. ‘ಹೌದು, ಇದೇ’ ಎಂದ ಮೇಲಷ್ಟೇ ಅವರ ಸರದಿ. ಬಳಿಕ ಇಬ್ಬರೂ ಸೇರಿ ಮೂರು ದಾರಿ ಹೇಳಬೇಕು. ಎರಡೇ ಆದರೆ ನಂದೋ ನಿಂದೋ ಎಂಬ ಹಗ್ಗಜಗ್ಗಾಟ ಮುಗಿಯದು. ಒಪ್ಪಿದ್ದನ್ನು ಒಂದೇ ಸಾಲಿನಲ್ಲಿ, ಯಾರು ಯಾವಾಗ ಏನು ಮಾಡುವುದು ಎಂದು ಬರೆಯುತ್ತಾರೆ. ‘ಇನ್ಮೇಲೆ ಜಗಳ ಆಡಲ್ಲ’ ಎಂದು ಬರೆದರೆ ವಾಪಸ್.

ಬುಸುಗುಡುತ್ತಿರುವ ಮಗುವನ್ನು ಕೂರಿಸಬಾರದು. ಹತ್ತರವರೆಗೆ ಎಣಿಸು ಎಂದರೆ ಎಣಿಸುತ್ತಲೇ ಗುದ್ದುತ್ತದೆ. ಬಾವಿಕಟ್ಟೆಯಿಂದ ಗಿಡಕ್ಕೆ ನಾಲ್ಕು ಚೊಂಬು ನೀರು ಹಾಕಿ ಬರಲಿ, ಹತ್ತು ಹದಿನೈದು ನಿಮಿಷ ಕಳೆಯಲಿ. ‘ಸಾರಿ ಹೇಳು, ಕೈ ಕೊಡು’ ಎನ್ನುವ ದೊಡ್ಡವರ ಚಟಕ್ಕೂ ಶಿಬಿರದಲ್ಲಿ ನಿಷೇಧವಿದೆ. ಹೇಳಿಸಿದ ಸಾರಿ ಸಂಜೆವರೆಗೂ ಬಾಳುವುದಿಲ್ಲ. ಠೂ ಬಿಟ್ಟವರು ಇನ್ನರ್ಧ ದಿನ ಠೂ ಬಿಟ್ಟೇ ಇರಲಿ.

ಇದೆಲ್ಲ ಸರಿಸಮರ ಜಗಳಕ್ಕೆ. ದೊಡ್ಡವನೊಬ್ಬ ಚಿಕ್ಕವನನ್ನು ದಿನಾ ಕಾಡುತ್ತಿದ್ದರೆ ಇಬ್ಬರನ್ನೂ ಎದುರುಬದುರು ಕೂರಿಸುವುದು ತಪ್ಪು. ಚಿಕ್ಕವನು ಹೆದರಿ ಎಲ್ಲಕ್ಕೂ ಹೂಂ ಎನ್ನುತ್ತಾನೆ, ನಾವು ಅದನ್ನೇ ರಾಜಿ ಎಂದುಕೊಳ್ಳುತ್ತೇವೆ. ಅಲ್ಲಿ ದೊಡ್ಡವರೇ ನಿಂತು ತಡೆಯಬೇಕು.

ಈ ವ್ಯತ್ಯಾಸ ಹೇಳಲು ಸಾಗರ ತಾಲ್ಲೂಕಿನಲ್ಲೇ, ಗೇಣಿದಾರ ರೈತರು ಜಮೀನಿನ ಒಡೆಯರ ವಿರುದ್ಧ ನಡೆಸಿದ 1951ರ ಕಾಗೋಡು ಸತ್ಯಾಗ್ರಹವಿದೆ. ಎರಡು ಡಬ್ಬಿ, ಒಂದಕ್ಕೆ ರಟ್ಟಿನ ಅಂಚು ಅಂಟಿಸಿ ಎರಡು ಬೆರಳು ಎತ್ತರ ಮಾಡಿಡುತ್ತೇವೆ. ‘ಒಡೆಯ’ ದೊಡ್ಡದರಲ್ಲಿ ಗೇಣಿ ಅಳೆದುಕೊಳ್ಳುತ್ತಾನೆ. ಹತ್ತು ಅಳತೆ ಮರಳು ಹಾಕುವಷ್ಟರಲ್ಲಿ ಗೇಣಿದಾರರ ರಾಶಿ ಎಷ್ಟು ಇಳಿಯಿತೆಂದು ಕಣ್ಣಿಗೇ ಕಾಣುತ್ತದೆ. ಗೇಣಿಯ ಧಾನ್ಯ ಅಳೆಯುವ ಕೊಳಗದ ಅಳತೆಯೇ ಅಲ್ಲಿನ ತಕರಾರಾಗಿತ್ತು. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಕೊಳಗ ಒಬ್ಬನ ಕೈಯಲ್ಲೇ ಇರುವಾಗ ಬರೀ ಮಾತು ಸಾಕೇ ಎಂಬ ಪ್ರಶ್ನೆ ಮಕ್ಕಳಿಂದಲೇ ಬರುತ್ತದೆ. ಕೈ ಮಾಡದೆ ‘ಆಗಲ್ಲ’ ಎನ್ನುವುದು ಹೇಗೆ ಎಂದು ಅಲ್ಲಿಂದ ಮುಂದುವರಿಯುತ್ತೇವೆ. 1942ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಈಸೂರಿನ ದಂಗೆಯನ್ನು ಈ ವಯಸ್ಸಿಗೆ ತರುವುದಿಲ್ಲ. ಅಧಿಕಾರಿಗಳ ಸಾವು, ಐವರಿಗೆ ಗಲ್ಲು ಎಂದ ಮೇಲೆ ಚರ್ಚೆ ಯಾರು ವೀರರು ಎಂಬಲ್ಲೇ ನಿಂತುಬಿಡುತ್ತದೆ.

ಆರನೇ ದಿನ ಮತ್ತೆ ಅದೇ ಲಗೋರಿ, ಒಬ್ಬರ ಕೈಯಲ್ಲಿ ಗಡಿಯಾರ. ಜಗಳ ಎಷ್ಟಾಯಿತು ಎಂದು ಎಣಿಸಬೇಡಿ, ಅದು ಕಡಿಮೆಯಾಗಿರುವುದಿಲ್ಲ. ಪ್ರತಿ ಜಗಳಕ್ಕೆ ಆಟ ಎಷ್ಟು ಹೊತ್ತು ನಿಂತಿತು ಎಂದು ಬರೆದಿಡಿ. ಅದೇ ಸಂಜೆ ತಂದೆತಾಯಂದಿರಿಗೆ ಅರ್ಧ ಗಂಟೆ ಮೀಸಲು. ಇನ್ನು ಹದಿನೈದು ದಿನ ಮಗು ಪ್ರತಿ ಮಾತಿಗೂ ‘ಎಂಥಕ್ಕೆ?’ ಎಂದು ಕೇಳುತ್ತದೆಂದು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ‘ನಿಮ್ಮ ಶಿಬಿರಕ್ಕೆ ಹೋಗಿ ಬಂದು ಎದುರು ಮಾತಾಡ್ತಾನೆ’ ಎಂಬ ಫೋನು ಸೋಮವಾರವೇ ಬರುತ್ತದೆ.