ಕೆಟ್ಟ ಫ್ರಿಜ್‌ಗೆ ಬದಲಿ ಫ್ರಿಜ್: ಎಕ್ಸ್‌ಟೆಂಡೆಡ್ ವಾರಂಟಿಯಲ್ಲಿ ಪಡೆಯುವುದು ಹೇಗೆ?

ದಸರಾ ಹತ್ತಿರ ಬಂತೆಂದರೆ ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆಯುಧಪೂಜೆಗೆ ಮನೆಗೊಂದು ಹೊಸ ಸಾಮಾನು ಬರಲಿ ಎಂಬ ಆಸೆ ಎಲ್ಲರಿಗೂ ಇರುತ್ತದೆ. ಮೂರು ವರ್ಷದ ಹಿಂದೆ ನಾವೂ ಹಾಗೇ ಹೋಗಿ 28,000 ರೂಪಾಯಿಯ ಫ್ರಿಜ್ ತಂದೆವು. ಬಿಲ್ ಹಾಕುವಾಗ ಕೌಂಟರಿನ ಹುಡುಗ, ‘ಇನ್ನು 2,200 ಕೊಟ್ಬಿಡಿ ಮೇಡಂ, ಕಂಪನಿ ವಾರಂಟಿ ಮುಗಿದ ಮೇಲೂ ಎರಡು ವರ್ಷ ಚಿಂತೆ ಇಲ್ಲ. ಕೆಟ್ರೆ ಹೊಸದೇ ಕೊಡ್ತೀವಿ’ ಎಂದ. ಕೊಟ್ಟೆವು.

ಈ ವರ್ಷ ಬೇಸಿಗೆ ಶುರುವಾಗುತ್ತಿದ್ದ ಹಾಗೆ ಫ್ರಿಜ್ ಕೂಲಿಂಗ್ ನಿಲ್ಲಿಸಿತು. ಹಾಲು ಒಡೆಯಿತು, ದೋಸೆ ಹಿಟ್ಟು ಹುಳಿ ಬಂತು. ಹೊಸದು ಮನೆಗೆ ಬರಲು ಎರಡು ತಿಂಗಳು ಹಿಡಿಯಿತು. ಅಷ್ಟು ದಿನ ಹಿಡಿಯಬೇಕಿರಲಿಲ್ಲ. ಏನು ಕೇಳಬೇಕು, ಏನು ಬರೆಸಿಕೊಳ್ಳಬೇಕು ಎಂಬುದು ನಮಗೆ ಗೊತ್ತಿರಲಿಲ್ಲ, ಅಷ್ಟೇ.

ಮುಖ್ಯವಾದ ಮಾತು ಇದು. ಇಂಥ ಪ್ಲಾನ್‌ಗಳಲ್ಲಿ ಸಾಮಾನ್ಯವಾಗಿ ಕೊಡುವ ಭರವಸೆ ರಿಪೇರಿಯದು. ರಿಪೇರಿ ಸಾಧ್ಯವೇ ಇಲ್ಲ ಎಂದಾಗ, ಅಥವಾ ರಿಪೇರಿ ಖರ್ಚು ಒಂದು ಮಿತಿ ದಾಟಿದಾಗ ಮಾತ್ರ ಬದಲಿ ಸಾಮಾನು. ಹಾಗಾಗಿ ‘ಇದು ರಿಪೇರಿ ಆಗಲ್ಲ’ ಎಂಬ ಮಾತು ಟೆಕ್ನಿಷಿಯನ್ ಬಾಯಿಂದ ಕಾಗದಕ್ಕೆ ಇಳಿಯಬೇಕು.

1. ಪ್ಲಾನ್ ಯಾರದು ಎಂದು ನೋಡಿ

ಇದರಲ್ಲಿ ಮೂರು ಬಗೆ ಇವೆ. ತಯಾರಿಸಿದ ಕಂಪನಿಯೇ ಕೊಡುವುದು, ಅಂಗಡಿ ಕೊಡುವುದು, ಅಂಗಡಿಯ ಮೂಲಕ ಬೇರೆ ಯಾವುದೋ ಕಂಪನಿ ಕೊಡುವುದು. ಮೂರನೆಯದಾದರೆ ಫ್ರಿಜ್ ಕಂಪನಿಯ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಪ್ರಯೋಜನವಿಲ್ಲ. ನಾವು ಮೊದಲ ವಾರ ಕಳೆದುಕೊಂಡಿದ್ದು ಇಲ್ಲೇ. ಪ್ಲಾನಿನ ಕಾಗದದಲ್ಲಿ ಯಾರ ಹೆಸರು, ಯಾವ ನಂಬರ್ ಇದೆಯೋ ಅಲ್ಲಿಗೇ ದೂರು ಕೊಡಬೇಕು.

ಶುರುವಾಗುವ ತಾರೀಖನ್ನೂ ನೋಡಿ. ಸಾಮಾನ್ಯವಾಗಿ ಕಂಪನಿ ವಾರಂಟಿ ಮುಗಿದ ಮರುದಿನದಿಂದ ಪ್ಲಾನ್ ಶುರು. ಮೊದಲ ವರ್ಷದಲ್ಲೇ ಕೆಟ್ಟರೆ ಅದು ತಯಾರಕರ ಹೊಣೆ.

ಫ್ರಿಜ್ ಮೇಲೆ ‘ಕಂಪ್ರೆಸರ್‌ಗೆ 10 ವರ್ಷ’ ಎಂಬ ಸ್ಟಿಕರ್ ಇದ್ದರೆ ಅದು ಬೇರೆ ಲೆಕ್ಕ. ಹೆಚ್ಚಾಗಿ ಅದು ಆ ಒಂದು ಭಾಗಕ್ಕೆ ಮಾತ್ರ. ಗ್ಯಾಸ್ ತುಂಬುವುದು, ಕೂಲಿ, ಸಾಗಣೆ ಅದರಲ್ಲಿ ಸೇರಿರುವುದಿಲ್ಲ. ಆ ಖರ್ಚನ್ನು ನಿಮ್ಮ ಪ್ಲಾನ್ ಕೊಡುತ್ತದೆಯೇ ಎಂದು ಕೇಳಿ.

2. ಕಾಗದ ಹೊಂದಿಸಿಕೊಳ್ಳಿ

ಬಿಲ್, ಪ್ಲಾನಿನ ಸರ್ಟಿಫಿಕೇಟ್, ಸಾಮಾನಿನ ಸೀರಿಯಲ್ ನಂಬರಿನ ಫೋಟೋ. ಈ ಮೂರು ಸಾಕು. ಅಂಗಡಿಯ ತೆಳು ಬಿಲ್ಲಿನ ಅಕ್ಷರ ಒಂದೆರಡು ವರ್ಷದಲ್ಲಿ ಮಾಸಿಹೋಗುತ್ತದೆ, ಕೊಂಡ ದಿನವೇ ಫೋಟೋ ತೆಗೆದಿಡಿ. ಬಿಲ್ಲಿನಲ್ಲಿರುವ ಸೀರಿಯಲ್ ನಂಬರ್ ಸಾಮಾನಿನ ಮೇಲಿರುವುದಕ್ಕೆ ಹೊಂದುತ್ತದೆಯೇ ಎಂದೂ ನೋಡಿ. ಒಂದು ಅಂಕಿ ತಪ್ಪಿದ್ದರೂ ಆಮೇಲೆ ತಕರಾರು ತೆಗೆಯುತ್ತಾರೆ.

3. ಬೀದಿಯ ಮೆಕ್ಯಾನಿಕ್‌ನನ್ನು ಕರೆಯಬೇಡಿ

ಅವರಿಗೆ ಕೆಲಸ ಬರುವುದಿಲ್ಲ ಎಂದಲ್ಲ. ಎಷ್ಟೋ ಸಲ ಅವರೇ ಚೆನ್ನಾಗಿ ಮಾಡುತ್ತಾರೆ. ಆದರೆ ಹೊರಗಿನವರು ಸ್ಕ್ರೂ ಬಿಚ್ಚಿದರೆ ವಾರಂಟಿ ಇಲ್ಲ ಎಂಬ ಷರತ್ತು ಹೆಚ್ಚಿನ ಪ್ಲಾನ್‌ಗಳಲ್ಲಿದೆ. ಮೊದಲು ದೂರು ಕೊಡಿ, ಕಂಪ್ಲೇಂಟ್ ನಂಬರ್ ಬರೆದಿಟ್ಟುಕೊಳ್ಳಿ.

4. ಟೆಕ್ನಿಷಿಯನ್ ಬಂದಾಗ

ನಮ್ಮ ಮನೆಗೆ ಟೆಕ್ನಿಷಿಯನ್ ಮೂರು ಸಲ ಬಂದರು. ಎರಡು ಸಲ ಗ್ಯಾಸ್ ತುಂಬಿದರು. ಎರಡೂ ಸಲ ವಾರದೊಳಗೆ ಫ್ರಿಜ್ ಮತ್ತೆ ಬೆಚ್ಚಗಾಯಿತು. ಮೂರನೇ ಸಲ, ‘ಒಳಗಿನ ಪೈಪೇ ಹೋಗಿದೆ ಮೇಡಂ, ಇದು ಆಗಲ್ಲ’ ಎಂದರು. ಮೇಲಿನವರಿಗೆ ಕೇಳಿದರೆ ಅವರ ಕಂಪ್ಯೂಟರಿನಲ್ಲಿ ಇದ್ದದ್ದು ‘ಗ್ಯಾಸ್ ತುಂಬಿದೆ, ಸರಿಯಾಗಿದೆ’ ಎಂದು ಮಾತ್ರ!

ಕಾರಣ ಒಟಿಪಿ. ಕೆಲಸ ಮುಗಿಸಿ ಹೊರಡುವಾಗ ‘ಒಟಿಪಿ ಬಂದಿರುತ್ತೆ, ಹೇಳಿ’ ಎನ್ನುತ್ತಾರೆ. ನಾವು ಸುಮ್ನೆ ಹೇಳಿಬಿಡುತ್ತೇವೆ. ಅಲ್ಲಿಗೆ ದೂರು ಬಗೆಹರಿದಿದೆ ಎಂದು ನಾವೇ ಒಪ್ಪಿದಂತೆ. ಆದ್ದರಿಂದ ಫ್ರಿಜ್ ತಣ್ಣಗಾಗುವುದನ್ನು ನೋಡದೆ, ವಾಷಿಂಗ್ ಮಷಿನ್ ಒಂದು ಸುತ್ತು ಮುಗಿಸುವುದನ್ನು ನೋಡದೆ ಒಟಿಪಿ ಕೊಡಬೇಡಿ. ಆ ಹುಡುಗರಿಗೆ ದಿನಕ್ಕೆ ಇಷ್ಟು ಮನೆ ಎಂಬ ಒತ್ತಡ ಇರುತ್ತದೆ, ಅವರ ಮೇಲೆ ರೇಗುವುದು ಬೇಡ. ಕಾಫಿ ಕೊಟ್ಟು, ನಿಧಾನವಾಗಿ, ಜಾಬ್ ಶೀಟ್ ಕೇಳಿ.

ಜಾಬ್ ಶೀಟಿನಲ್ಲಿ ಬಂದ ತಾರೀಖು, ಕೆಟ್ಟಿರುವುದು ಏನು, ಏನು ಮಾಡಿದರು, ರಿಪೇರಿ ಆಗುತ್ತದೆಯೋ ಇಲ್ಲವೋ, ಇಷ್ಟೂ ಇರಬೇಕು. ‘ಪಾರ್ಟ್ ಸಿಗುತ್ತಿಲ್ಲ’ ಎಂದರೆ ಅದನ್ನೂ ಬರೆಸಿ. ಕಾಗದ ಕೊಡದಿದ್ದರೆ ಅವರು ಹೇಳಿದ್ದನ್ನು ನೀವೇ ಅವತ್ತೇ ಕಂಪನಿಗೆ ಇಮೇಲ್ ಮಾಡಿ.

ಕಾರಣ ಬರೆಯುವಾಗ ಎದುರಿಗೇ ಇರಿ. ವೋಲ್ಟೇಜ್ ಏರಿಳಿತ, ಇಲಿ ಕಡಿದ ವೈರ್, ಒಡೆದ ಗಾಜು ಇಂಥವಕ್ಕೆ ಅನೇಕ ಪ್ಲಾನ್‌ಗಳು ಹಣ ಕೊಡುವುದಿಲ್ಲ. ಪರೀಕ್ಷೆ ಮಾಡದೆ ‘ಕರೆಂಟ್ ಸಮಸ್ಯೆ’ ಎಂದು ಬರೆದರೆ ಒಪ್ಪಿ ಸಹಿ ಹಾಕಬೇಡಿ. ಮನೆಯಲ್ಲಿ ಸ್ಟೆಬಿಲೈಜರ್ ಇದ್ದರೆ ತೋರಿಸಿ.

5. ಬದಲಿ ಸಾಮಾನು ಬೇಕೆಂದು ಬರೆದು ಕೇಳಿ

ಫೋನಿನಲ್ಲಿ ಎಷ್ಟು ಕೂಗಿದರೂ ದಾಖಲೆ ಉಳಿಯುವುದಿಲ್ಲ. ಇಷ್ಟು ಬರೆದರೆ ಸಾಕು: ‘ಇಂಥ ತಾರೀಖಿನಲ್ಲಿ ಕೊಂಡ, ಇಂಥ ಸೀರಿಯಲ್ ನಂಬರಿನ ಫ್ರಿಜ್ ಟೆಕ್ನಿಷಿಯನ್ ಮೂರು ಬಾರಿ ಬಂದರೂ ಸರಿಹೋಗಿಲ್ಲ. ಜಾಬ್ ಶೀಟ್ ಪ್ರತಿ ಲಗತ್ತಿಸಿದ್ದೇನೆ. ಪ್ಲಾನಿನ ಷರತ್ತಿನಂತೆ 15 ದಿನದೊಳಗೆ ಬದಲಿ ಫ್ರಿಜ್ ಅಥವಾ ಹಣ ಕೊಡಿ.’ ನಾವು ಹೀಗೆ ಬರೆದ ಮೇಲೆಯೇ ಕೆಲಸ ಚುರುಕಾಯಿತು.

6. ಎಷ್ಟು ಕೊಡುತ್ತಾರೆ?

‘ಹೊಸದೇ ಕೊಡ್ತೀವಿ’ ಎಂಬ ಮಾತು ತುಂಬಾ ಜನರನ್ನು ನೋಯಿಸುವುದು ಇಲ್ಲಿ. ಅನೇಕ ಪ್ಲಾನ್‌ಗಳಲ್ಲಿ ವರ್ಷ ಕಳೆದಂತೆ ಸಾಮಾನಿನ ಬೆಲೆ ಇಳಿಸುತ್ತಾರೆ. ನಮ್ಮ ಕಾಗದದಲ್ಲಿ ಮೂರನೇ ವರ್ಷಕ್ಕೆ ಶೇ 70 ಎಂದಿತ್ತು. 28,000ಕ್ಕೆ ಶೇ 70 ಅಂದರೆ 19,600. ಅದನ್ನೂ ನಗದಾಗಿ ಕೊಡಲಿಲ್ಲ, ಅದೇ ಅಂಗಡಿಯ ವೋಚರ್ ಕೊಟ್ಟರು. ಅದೇ ಅಳತೆಯ ಫ್ರಿಜ್ ಈಗ 31,000. ಉಳಿದ 11,400 ನಾವೇ ಹಾಕಿದೆವು. ಹಳೆಯ ಫ್ರಿಜ್ ಅವರೇ ತೆಗೆದುಕೊಂಡು ಹೋದರು.

ಪ್ರತಿ ಪ್ಲಾನಿನ ಲೆಕ್ಕ ಬೇರೆ. ಕೆಲವರು ಹಿಂದಿನ ರಿಪೇರಿ ಖರ್ಚನ್ನೂ ಕಳೆಯುತ್ತಾರೆ. ಕೆಲವರು ಅದೇ ಗುಣದ ಬೇರೆ ಮಾಡೆಲ್ ಕೊಡುತ್ತಾರೆ. ಲೆಕ್ಕವನ್ನು ಬರಹದಲ್ಲಿ ಕೇಳಿ, ಕಾಗದದ ಷರತ್ತಿನ ಜೊತೆ ಹೋಲಿಸಿ, ಆಮೇಲೆ ಒಪ್ಪಿ. ಕೊಳ್ಳುವಾಗಲೇ ಈ ಒಂದು ಸಾಲು ಓದಿದ್ದರೆ ನಾನಂತೂ ಆ 2,200 ಕೊಡುತ್ತಿರಲಿಲ್ಲವೇನೋ.

7. ಒಪ್ಪದಿದ್ದರೆ

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತನಾಡಬಹುದು. ಅವರು ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ. ಆದರೆ ಅವರದು ಆದೇಶ ಹೊರಡಿಸುವ ಅಧಿಕಾರವಲ್ಲ.

ಆ ಅಧಿಕಾರ ಇರುವುದು ಜಿಲ್ಲಾ ಗ್ರಾಹಕರ ಆಯೋಗಕ್ಕೆ. ಮೈಸೂರಿನಲ್ಲೂ ಇದೆ, ಮಂಡ್ಯದಲ್ಲೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಸಾಮಾನು ಬೆಂಗಳೂರಿನಲ್ಲಿ ಕೊಂಡಿದ್ದರೂ, ಆನ್‌ಲೈನ್‌ನಲ್ಲಿ ತರಿಸಿದ್ದರೂ ಮಂಡ್ಯದವರು ಮಂಡ್ಯದಲ್ಲೇ ಕೇಳಬಹುದು. ತೊಂದರೆ ಆದ ದಿನದಿಂದ ಎರಡು ವರ್ಷದ ಒಳಗೆ ಹೋಗಬೇಕು. ಕೊಟ್ಟ ಬೆಲೆ 5 ಲಕ್ಷ ದಾಟದಿದ್ದರೆ ಶುಲ್ಕವಿಲ್ಲ. ವಕೀಲರು ಬೇಕೇಬೇಕು ಎಂದೂ ಇಲ್ಲ. ದೋಷ ಸರಿಪಡಿಸಿ, ಬದಲಿ ಕೊಡಿ, ಹಣ ವಾಪಸ್ ಮಾಡಿ ಎಂದು ಆಯೋಗ ಹೇಳಬಹುದು, ಪರಿಹಾರವನ್ನೂ ಕೊಡಿಸಬಹುದು. ಅಲ್ಲಿ ನಿಮ್ಮ ಕೈಲಿರಬೇಕಾದದ್ದು ಅದೇ ಜಾಬ್ ಶೀಟ್, ಅದೇ ಇಮೇಲ್.

8. ಹೊಸದು ಬಂದ ದಿನ

ಬದಲಿ ಸಿಕ್ಕ ಕೂಡಲೇ ಹಳೆಯ ಪ್ಲಾನ್ ಮುಗಿಯಿತು ಎಂಬ ಷರತ್ತು ಸಾಮಾನ್ಯ. ಹೊಸ ಸಾಮಾನಿಗೆ ಕಂಪನಿ ವಾರಂಟಿ ಇದೆಯೇ, ಎಂದಿನಿಂದ ಎಂದು ಕೇಳಿ ಬಿಲ್ ತೆಗೆದುಕೊಳ್ಳಿ. ಕಂಪನಿ ವಾರಂಟಿಯ ಅವಧಿಯಲ್ಲೇ ಬದಲಿ ಸಿಕ್ಕಿದ್ದರೆ ಮಾತು ಬೇರೆ. ಆಗ ನೀವು ಹಣ ಕೊಟ್ಟ ಎಕ್ಸ್‌ಟೆಂಡೆಡ್ ಪ್ಲಾನ್ ಇನ್ನೂ ಶುರುವೇ ಆಗಿರುವುದಿಲ್ಲ, ಅದು ಇರುವುದು ಹಳೆಯ ಸೀರಿಯಲ್ ನಂಬರಿನ ಮೇಲೆ. ಹೊಸ ನಂಬರ್ ಸೇರಿಸಿಕೊಡಿ ಎಂದು ಅದೇ ದಿನ ಬರೆದು ಕೇಳಿ. ಸರ್ಟಿಫಿಕೇಟ್ ತಿದ್ದಿ ಬಂದ ಮೇಲೆ ಬಿಲ್ಲಿನ ಜೊತೆ ಇಡಿ.